ಅಕ್ಕನಿಗೆ ಕಳಿಸಿದ ನೋನಿ ಬಾಟಲಿಗಳು

ನಾಸೌಲೆವು, ಕಂದಾವು ದ್ವೀಪ
೧೪ ಸೆಪ್ಟೆಂಬರ್, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ

ನನ್ನ ಹಂದಿಗಳಿಗೂ ಕೋಳಿಗಳಿಗೂ ನನಗಿಂತ ಹೆಚ್ಚಿನ ಒಡೆಯನಾದ ಅಳಿಯ ಕೆಲೆಪಿಗೆ,

ಹೇಗಿದ್ದೀಯೋ? ಆ ಸಿನಾಯ್ ಮರಳುಗಾಡಿನ ಬಿಸಿಲು ನಿನ್ನ ತಲೆಗೆ ಹತ್ತಿಲ್ಲ ತಾನೆ? ಹೋದ ಸಲ ಬೂಟಿನೊಳಗೆ ಬೆರಳ ಸಂದಿ ಹುಣ್ಣಾಗಿದೆ ಎಂದು ಬರೆದಿದ್ದೆ. ಅದಕ್ಕೆ ತೆಂಗಿನೆಣ್ಣೆ ಹಚ್ಚು, ಸೈನ್ಯದ ಮುಲಾಮು ಬೇಡ. ಹಚ್ಚಿದ ಮೇಲೆ ಬರಿಗಾಲಲ್ಲಿ ಸ್ವಲ್ಪ ಓಡಾಡು. ನಿನ್ನ ಕ್ಯಾಪ್ಟನ್ ಕೇಳಿದರೆ ನೆಮಾನಿ ಮಾವ ಹೇಳಿದ್ದಾರೆ ಎನ್ನು. ನಮ್ಮ ದ್ವೀಪದವನಾಗಿದ್ದರೆ ನನ್ನ ಹೆಸರು ಕೇಳಿರುತ್ತಾನೆ. ಅಲ್ಲದಿದ್ದರೆ ಅವನ ದುರದೃಷ್ಟ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಅಲ್ಲಿ ಮರಗೆಣಸು ಸಿಗುವುದಿಲ್ಲವಂತೆ. ಅನ್ನ, ರೊಟ್ಟಿ ತಿಂದುಕೊಂಡು ಗಂಡಸರು ಹೇಗೆ ಬಂದೂಕು ಹಿಡಿಯುತ್ತಾರೋ ನನಗೆ ತಿಳಿಯದು.

ಇಲ್ಲಿ ನಿನ್ನ ಅತ್ತೆ ಉನೈಸಿ ಚೆನ್ನಾಗಿದ್ದಾಳೆ. ಬಾಯಿ ಮೊದಲಿಗಿಂತ ಚೆನ್ನಾಗಿದೆ. ನಾನೂ ಗುಂಡುಕಲ್ಲಿನ ಹಾಗಿದ್ದೇನೆ. ಹೋದ ತಿಂಗಳು ಸುವಾ ಪಟ್ಟಣದಲ್ಲಿ ನಡೆದ ಚರ್ಚಿನ ಗಂಡಸರ ಹಾಡಿನ ಸ್ಪರ್ಧೆಯಲ್ಲಿ ನಮ್ಮೂರ ಗುಂಪು ಎರಡನೆಯದಾಗಿ ಬಂತು. ನನ್ನ ದಪ್ಪ ದನಿಗೆ ಮೊದಲ ಸ್ಥಾನವೇ ಬರಬೇಕಿತ್ತು, ಉಳಿದವರು ಕೆಳಗೆಳೆದರು. ಆ ಸುವಾ ಪ್ರಯಾಣದಿಂದಲೇ ಈ ಪತ್ರದ ತಲೆನೋವು ಶುರುವಾದದ್ದು. ಸೀದಾ ವಿಷಯಕ್ಕೆ ಬರುತ್ತೇನೆ, ಗಾಬರಿಯಾಗಬೇಡ: ನಿನ್ನ ಅಮ್ಮ ಐದು ದಿನ ಆಸ್ಪತ್ರೆಯಲ್ಲಿದ್ದಳು. ಈಗ ಮನೆಗೆ ಬಂದಿದ್ದಾಳೆ, ಓಡಾಡುತ್ತಾಳೆ, ಚಾಪೆ ಹೆಣೆಯುತ್ತಾಳೆ. ಆದರೆ ಅಪಾಯ ಇನ್ನೂ ಹೊಸ್ತಿಲ ಮೇಲೇ ಕೂತಿದೆ. ಅದನ್ನು ಅಲ್ಲಿ ಕೂರಿಸಿದವನು ನಾನೇ. ಫೋನಿನಲ್ಲಿ ಹೇಳೋಣವೆಂದರೆ ಗುಡ್ಡದ ಮೇಲೆ ಸಿಗ್ನಲ್ ಸಿಗುವ ಆ ಒಂದು ಬಂಡೆಯ ಸುತ್ತ ಅರ್ಧ ಊರು ಕಿವಿ ನೆಟ್ಟುಕೊಂಡು ಕೂತಿರುತ್ತದೆ. ಅದಕ್ಕೇ ಕಾಗದ.

ಅವಳ ಎದೆಯೊಳಗಿನ ಉಕ್ಕಿನ ಕವಾಟದ ಕಥೆ ನಿನಗೆ ಗೊತ್ತು. ಹುಡುಗಿಯಾಗಿದ್ದಾಗ ಬಂದ ಕೀಲುಜ್ವರ ಒಳಗಿದ್ದ ಕವಾಟವನ್ನು ತಿಂದುಹಾಕಿತ್ತು. ಆರು ವರ್ಷದ ಹಿಂದೆ ದೊಡ್ಡ ಡಾಕ್ಟರುಗಳು ಹೊಸದನ್ನು ಕೂರಿಸಿದರು. ಹತ್ತಿರ ಕೂತರೆ ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುತ್ತದೆ ಎಂದು ಉನೈಸಿ ಹೇಳುತ್ತಾಳೆ. ನಾನು ಕೇಳಿಲ್ಲ, ಅಷ್ಟು ಹತ್ತಿರ ನಾನು ಕೂತವನಲ್ಲ. ಆ ಉಕ್ಕಿಗೆ ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳಬಾರದು ಎಂದು ದಿನಾ ಸಂಜೆ ರಕ್ತ ತೆಳು ಮಾಡುವ ಗುಳಿಗೆ ನುಂಗಬೇಕು. ತಿಂಗಳಿಗೊಮ್ಮೆ ನಮ್ಮ ನರ್ಸ್ ತೊರಿಕಾ ಸೂಜಿ ಚುಚ್ಚಿ ರಕ್ತ ತೆಗೆದು ಒಂದು ನಂಬರು ಹೇಳುತ್ತಾಳೆ. ಎರಡೂವರೆಯಿಂದ ಮೂರೂವರೆಯೊಳಗೆ ಇದ್ದರೆ ಸರಿ. ಕೆಳಗಿಳಿದರೆ ಹೆಪ್ಪುಗಟ್ಟಿ ಕವಾಟ ಕಚ್ಚಿಕೊಳ್ಳಬಹುದು, ಇಲ್ಲವೇ ಆ ಹೆಪ್ಪು ಮಿದುಳಿಗೆ ಹೋಗಿ ಮನುಷ್ಯ ಅರ್ಧ ದೇಹ ಕಳೆದುಕೊಳ್ಳಬಹುದು. ಮೇಲೇರಿದರೆ ರಕ್ತ ಎಲ್ಲೆಂದರಲ್ಲಿ ಸೋರುತ್ತದೆ. ಎರಡೂ ಕಡೆ ಬಂಡೆ, ನಡುವೆ ಒಂದು ದೋಣಿ ಹೋಗುವಷ್ಟೇ ದಾರಿ. ನೀನು ಹೊರಟ ಡಿಸೆಂಬರಿನಲ್ಲಿ ಅವಳ ನಂಬರು ಸರಿಯಾಗಿ ಆ ದಾರಿಯ ನಡುವೆ ಇತ್ತು: ಎರಡು ಪಾಯಿಂಟ್ ಒಂಬತ್ತು.

ನೀನು ಹೋದ ಮೇಲೆ ಅವಳು ಮಂಕಾದಳು. ಮಗ ಮರಳುಗಾಡಿನಲ್ಲಿ, ಗಂಡ ಏಳು ವರ್ಷದಿಂದ ಮಣ್ಣಿನಲ್ಲಿ. ತಮ್ಮನಾದವನು ಏನು ಮಾಡಬೇಕು? ಹೋಗಿ ಪಕ್ಕದಲ್ಲಿ ಕೂತು ಸಮಾಧಾನ ಹೇಳುವಂತಿಲ್ಲ. ನನಗೆ ಹದಿಮೂರು ತುಂಬಿದ ದಿನದಿಂದ, ನಮ್ಮ ಹಿರಿಯರ ಪದ್ಧತಿಯಂತೆ, ನಾನೂ ಅವಳೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತು ಆಡಿದವರಲ್ಲ. ಮೊದಲು ನಮ್ಮಮ್ಮ ನಡುವೆ ಇದ್ದಳು. ಆಮೇಲೆ ನಾಲ್ಕು ವರ್ಷದ ನೀನು ಬಂದೆ. ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ಹೊತ್ತುಕೊಂಡು ಓಡುತ್ತಿದ್ದೆ. ನಡುವೆ ನಿನ್ನದೂ ಒಂದಿಷ್ಟು ಸೇರಿಸುತ್ತಿದ್ದೆ, ಕಳ್ಳ. "ಮಾವಾ, ನಿಮ್ಮ ಕೆಂಪು ಹುಂಜ ನಂಗೆ ಕೊಡ್ಬೇಕಂತೆ, ಅಮ್ಮ ಹೇಳಿದ್ಲು" ಎಂದು ನೀನು ಹೊತ್ತೊಯ್ದ ಹುಂಜ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕನ ಮಗನಿಗೆ ಇಲ್ಲ ಅನ್ನುವ ಹಕ್ಕು ನನಗಿಲ್ಲವಲ್ಲ, ಅದು ನಿನಗೆ ಚೆನ್ನಾಗಿ ಗೊತ್ತಿತ್ತು. ಈಗ ಆ ಕೆಲಸ ಉನೈಸಿಯದು.

ಮಾತು ಆಡಲಾಗದವನು ಏನಾದರೂ ಕಳಿಸಬೇಕು. ನಾನು ನನ್ನ ನೋನಿ ರಸ ಕಳಿಸಿದೆ. ಈ ದ್ವೀಪದಲ್ಲಿ ನೋನಿ ಹಣ್ಣನ್ನು ಜಾಡಿಯಲ್ಲಿ ಕೊಳೆಸಿ ರಸ ಇಳಿಸುವವರು ಬೇಕಾದಷ್ಟಿದ್ದಾರೆ. ಆದರೆ ನನ್ನ ರಸದ ಮುಂದೆ ಅವೆಲ್ಲ ಪಾತ್ರೆ ತೊಳೆದ ನೀರು. ಪಾದ್ರಿಗಳ ಮಂಡಿನೋವು ಯಾವುದರಿಂದ ಹೋಯಿತು? ಮೇಲಿನ ಕೇರಿಯವನ ಕೆಮ್ಮು ಯಾವುದರಿಂದ ನಿಂತಿತು? ಒಳಗೆ ನಾನು ಹಾಕುವುದೇನು ಎಂದು ಹೆಂಡತಿಗೂ ಹೇಳಿದವನಲ್ಲ. ಉನೈಸಿ ಮೂಗು ಹಿಡಿದು, "ಏನ್ರೀ, ಸತ್ತ ಇಲಿ ಹಾಕ್ತೀರಾ ಹೇಗೆ?" ಎಂದು ಕೇಳುತ್ತಾಳೆ. ಅವಳಿಗೆ ಔಷಧದ ವಾಸನೆ ಗೊತ್ತಿಲ್ಲ. ಫೆಬ್ರವರಿಯಿಂದ ವಾರಕ್ಕೆ ಎರಡು ಬಾಟಲಿ ನಿನ್ನ ಅಮ್ಮನ ಮನೆಗೆ ಹೋಗುತ್ತಿತ್ತು. ಪ್ರತಿ ಬಾಟಲಿಯ ಜೊತೆ, ಕೊಡುವವರು ಹೇಳಬೇಕಾದ ಮಾತನ್ನು ಉನೈಸಿಯ ಬಾಯಲ್ಲಿ ಹೇಳಿಸುತ್ತಿದ್ದೆ: "ಇದೇನೂ ಅಲ್ಲ ಅತ್ತಿಗೆ, ಕುಡಿಯೋಕೆ ಯೋಗ್ಯವಾದದ್ದಲ್ಲ, ಬೇಡ ಅನ್ಸಿದ್ರೆ ಚೆಲ್ಲಿಬಿಡಿ." ಮರ್ಯಾದಸ್ಥರು ಕೊಡುವಾಗ ಹಾಗೇ ತಾನೆ ಹೇಳುವುದು? ಹತ್ತು ಹಂದಿ ಕೊಟ್ಟರೂ ಬಡ ಹಂದಿಮರಿ ಅನ್ನಬೇಕು. ಬಾಟಲಿ ತೊಳೆದು, ಪಕ್ಕದಲ್ಲಿ ಒಂದು ಎಲೆಕಟ್ಟು ಗೆಣಸಿನ ಸಿಹಿಯೋ ಸುಟ್ಟ ಮೀನೋ ಇಟ್ಟು ವಾಪಸು ಬರುತ್ತಿತ್ತು. ತೊಳೆದ ಬಾಟಲಿ ನೋಡಿದ ದಿನ ನಾನು ಯಂಗೋನಾ ಬೇರಿನ ಪಾನಕದ ಬಟ್ಟಲಿನ ಸುತ್ತ ಕೂತವರಿಗೆಲ್ಲ ಹೇಳುತ್ತಿದ್ದೆ, ನಮ್ಮಕ್ಕನ ಕೆನ್ನೆಗೆ ಬಣ್ಣ ಬಂದಿದೆ ನೋಡ್ರಪ್ಪಾ ಎಂದು.

ಮಾರ್ಚಿನಲ್ಲಿ ಅವಳ ನಂಬರು ಒಂದು ಪಾಯಿಂಟ್ ಆರಕ್ಕೆ ಬಿತ್ತು. ತೊರಿಕಾ ಕೇಳಿದಳಂತೆ, ಗುಳಿಗೆ ತಪ್ಪಿಸಿದ್ರಾ ಅಂತ. ಇಲ್ಲ. ಬಿಯರು, ರಮ್ಮು? ಇಲ್ಲ. ಯಂಗೋನಾ? ಅದು ಲಿವರಿಗೆ ಭಾರ, ಈ ಗುಳಿಗೆಯವರಿಗೆ ಬೇಡ ಅಂದಿದ್ರಲ್ಲ, ಮುಟ್ಟಿಲ್ಲ. ಸೊಪ್ಪು? ಎಂದಿನಷ್ಟೇ. ನೋನಿ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಮ್ಮ ಕಳಿಸಿದ್ದನ್ನು ಹೆಸರು ಹಿಡಿದು ಹೇಳಿ ನರ್ಸಿನ ಕೈಯಲ್ಲಿ ಬೈಸುವವಳೇ ಅವಳು? ತೊರಿಕಾ ಡಾಕ್ಟರನ್ನು ಕೇಳಿ ಗುಳಿಗೆ ಜಾಸ್ತಿ ಮಾಡಿದಳು. ಸಾಲಲಿಲ್ಲ, ಇನ್ನೊಮ್ಮೆ ಜಾಸ್ತಿ ಮಾಡಿದಳು. ಮೇ ತಿಂಗಳಲ್ಲಿ ನಂಬರು ಎರಡೂವರೆ ದಾಟಿತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನು. ನನ್ನ ರಸ ಕೆಲಸ ಮಾಡಿತು ಎಂದು ಸಾರಿದೆ. ಕೇಳಿದವರು ತಲೆಯಾಡಿಸಿದರು.

ಆಗಸ್ಟ್ ಒಂದಕ್ಕೆ ಸುವಾಕ್ಕೆ ಹೊರಟೆ. ಮೂರು ವಾರ. ಗುಟ್ಟು ನನ್ನ ತಲೆಯಲ್ಲಿ, ತಲೆ ಸುವಾದಲ್ಲಿ, ರಸ ಇಳಿಸುವವರಿಲ್ಲ. ಮೂರು ವಾರ ನಿನ್ನ ಅಮ್ಮನಿಗೆ ಒಂದು ಬಾಟಲಿಯೂ ಹೋಗಲಿಲ್ಲ. ಇಪ್ಪತ್ತೆರಡಕ್ಕೆ ಬಂದೆ. ಮರುದಿನ ಶನಿವಾರ, ಜಾಡಿಯಲ್ಲಿ ಕೂತಿದ್ದ ಹಣ್ಣು ಹಿಂಡಿ ಒಟ್ಟಿಗೆ ಮೂರು ಬಾಟಲಿ ಕಳಿಸಿದೆ. ಅವಳು ಮುಚ್ಚಳ ತೆಗೆಯುವ ಮೊದಲೇ ಭಾನುವಾರ ಬಂತು. ಚರ್ಚಿನಲ್ಲಿ ಎರಡನೇ ಹಾಡಿಗೆ ನಾವು ಎದ್ದು ನಿಂತಿದ್ದೆವು. ಹೆಂಗಸರ ಕಡೆಯಿಂದ ಗುಜುಗುಜು. ನೋಡಿದರೆ ಅಕ್ಕನ ಮೂಗಿನಿಂದ ರಕ್ತ. ಕರವಸ್ತ್ರ ತೊಯ್ದು, ಉನೈಸಿಯ ಕರವಸ್ತ್ರವೂ ತೊಯ್ದು, ಬಿಳಿ ಅಂಗಿಯ ಮುಂಭಾಗವೆಲ್ಲ ಕೆಂಪಾಯಿತು. ನಿಲ್ಲಲೇ ಇಲ್ಲ. ತೋಳು ಸರಿಸಿ ನೋಡಿದರೆ ಏಟು ಬಿದ್ದ ಹಾಗೆ ಕಪ್ಪು ನೀಲಿ ಮಚ್ಚೆಗಳು. ನಾನು ಗಂಡಸರ ಬೆಂಚಿನಲ್ಲಿ ನಿಂತೇ ಇದ್ದೆ, ಹಾಡಿನ ಪುಸ್ತಕ ತಲೆಕೆಳಗಾಗಿ ಹಿಡಿದುಕೊಂಡು. ದೋಣಿಯ ಮುಂದಿನ ತುದಿಯಲ್ಲಿ ಅವಳು, ಹಿಂದಿನ ತುದಿಯಲ್ಲಿ ನಾನು, ಆಸ್ಪತ್ರೆ ಮುಟ್ಟುವವರೆಗೂ ನೋಡಿದ್ದು ಅವಳ ಬೆನ್ನನ್ನು ಮಾತ್ರ. ನಂಬರು ಎಂಟರ ಹತ್ತಿರ ಏರಿತ್ತು. ಗುಳಿಗೆ ನಿಲ್ಲಿಸಿ, ಔಷಧಿ ಕೊಟ್ಟು, ಐದು ದಿನ ಇಟ್ಟುಕೊಂಡು ಕಳಿಸಿದರು.

ಮನೆಗೆ ಬಂದ ಮೇಲೆ ತೊರಿಕಾ ತನ್ನ ಕಾಗದಗಳನ್ನು ಹಿಡಿದು ಬಂದಳು. ಅಕ್ಕ ಒಳಗೆ ಚಾಪೆಯ ಮೇಲೆ, ನಾನು ಹೊರಗೆ ಜಗಲಿಯಲ್ಲಿ. "ಸಲಾನಿಯೆತಾ ಅಮ್ಮ, ಈ ನಂಬರು ಸುಮ್ನೆ ಹೀಗೆ ಕುಣಿಯಲ್ಲ. ಬಾಯೊಳಗೆ ಏನೋ ಹೋಗ್ತಿದೆ, ಇಲ್ಲಾ ಹೋಗ್ತಿದ್ದದ್ದು ನಿಂತಿದೆ. ಏನು ಕುಡೀತೀರಿ?" ಎಂದು ಕೇಳಿದಳು. "ನೀರು. ನಿಂಬೆ ಎಲೆ ಚಹ. ಇನ್ನೇನಿದೆ ತಾಯಿ ನಮ್ಮಂಥವರಿಗೆ" ಎಂದಳು ಅಕ್ಕ. ತೊರಿಕಾ ಹೊರಗೆ ಬಂದು, "ಮಾವ, ನಿಮಗೇನಾದ್ರೂ ಗೊತ್ತಾ?" ಎಂದಳು. ನಾನು, ಕೇಳು ಅಳಿಯ, ನಾನು ಏನೆಂದೆ ಗೊತ್ತೇ? "ನಂಗೇನು ಗೊತ್ತಮ್ಮಾ, ಮೂರು ವಾರ ನಾನು ಊರಲ್ಲೇ ಇರ್ಲಿಲ್ಲ." ಅಂದವನಿಗೆ ನನ್ನ ಮಾತೇ ಕಿವಿಗೆ ಬಡಿಯಿತು. ಮೂರು ವಾರ ನಾನು ಊರಲ್ಲಿರಲಿಲ್ಲ. ಮನೆಗೆ ಬಂದು ಗೋಡೆಯ ಚರ್ಚಿನ ಕ್ಯಾಲೆಂಡರ್ ಇಳಿಸಿದೆ. ಮೊದಲ ಬಾಟಲಿ ಹೋದದ್ದು ಫೆಬ್ರವರಿ. ನಂಬರು ಬಿದ್ದದ್ದು ಮಾರ್ಚ್. ಬಾಟಲಿ ನಿಂತದ್ದು ಆಗಸ್ಟ್. ನಂಬರು ಹಾರಿದ್ದು ಆಗಸ್ಟ್. ಎಂಟನೇ ಕ್ಲಾಸಿನವರೆಗೆ ಓದಿದವನಿಗೆ ಅಷ್ಟು ಲೆಕ್ಕ ಬರುತ್ತದೆ.

ಮರುದಿನ ಬೆಳಿಗ್ಗೆ ನರ್ಸಿನ ಬಾಗಿಲು ತಟ್ಟಿದೆ. ನೋನಿ ಎಂದೆ. "ಬರೀ ಹಣ್ಣಾ?" ಎಂದಳು. ಹೂಂ ಎಂದೆ. ಆ ಹುಡುಗಿ ನೋಡುವ ರೀತಿಗೆ ಗುಟ್ಟು ತಾನಾಗಿ ಬಾಯಿಗೆ ಬಂತು: ಎರಡು ಹಿಡಿ ನೋನಿ ಎಲೆ ಅರೆದು ಹಾಕುತ್ತೇನೆ, ಬೇಯಿಸಿದ ಕೆಸುವಿನೆಲೆಯ ರಸ ಒಂದು ಲೋಟ, ಆಮೇಲೆ ತೋಟದ ಹಸಿರು ಸೊಪ್ಪು ಸಿಕ್ಕಷ್ಟು. ಅಪ್ಪ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಹಿಡಿದದ್ದು. ತೊರಿಕಾ ಹಣೆ ಹಿಡಿದುಕೊಂಡಳು. "ನೋನಿ ಒಂದೇ ಆಗಿದ್ರೂ ನಂಗೆ ಹೇಳ್ಬೇಕಿತ್ತು. ನೀವು ಹಸಿರೆಲೆ ಸತ್ವಾನೇ ಬಾಟಲಿ ಬಾಟಲಿ ಕುಡಿಸಿದ್ದೀರಲ್ಲ ಮಾವ! ಹಗ್ಗ ಜಗ್ಗಾಟ ಇದ್ದ ಹಾಗೆ ಇದು. ಗುಳಿಗೆ ರಕ್ತಾನ ತೆಳು ಕಡೆ ಎಳೆಯುತ್ತೆ, ಎಲೆ ಸತ್ವ ಗಟ್ಟಿ ಕಡೆ ಎಳೆಯುತ್ತೆ. ನೀವು ಆ ಕಡೆ ಎಳೀತಿದ್ದದ್ದು ನಂಗೆ ಕಾಣಿಸ್ಲಿಲ್ಲ. ಅದಕ್ಕೆ ಗುಳಿಗೆ ಕಡೆ ಜನ ಜಾಸ್ತಿ ನಿಲ್ಲಿಸ್ದೆ. ನೀವು ಹಗ್ಗ ಬಿಟ್ಟು ಹಾಡೋಕೆ ಹೋದ್ರಿ. ಅಮ್ಮ ಬಿದ್ದರು." ಸೊಪ್ಪು ತಿನ್ನುವುದು ತಪ್ಪಲ್ಲವಂತೆ, ದಿನವೂ ಒಂದೇ ಅಳತೆಯಲ್ಲಿರಬೇಕಂತೆ. ಗುಳಿಗೆಯನ್ನು ಆ ಅಳತೆಗೆ ಹೊಂದಿಸಿರುತ್ತಾರಂತೆ. ಹೊಸದಾಗಿ ಏನನ್ನು ಕುಡಿಯುವ ಮೊದಲೂ, ಕುಡಿಯುತ್ತಿದ್ದದ್ದನ್ನು ಬಿಡುವ ಮೊದಲೂ ಅವಳಿಗೆ ಹೇಳಬೇಕಂತೆ. ಹೇಳಿದ್ದಕ್ಕೆಲ್ಲ ನಾನು ಹೂಂ ಎಂದು ತಲೆಯಾಡಿಸಿದೆ. ಉನೈಸಿ ಇದನ್ನು ನಂಬುವುದಿಲ್ಲ.

ಈಗ ಗುಳಿಗೆ ಹಳೆಯ ಅಳತೆಗೆ ಇಳಿದಿದೆ, ರಸ ಇಲ್ಲದವರ ಅಳತೆಗೆ. ಅಂದರೆ ಈಗ ಅವಳು ರಸ ಕುಡಿದರೆ ನಂಬರು ಮತ್ತೆ ಬೀಳುತ್ತದೆ, ಕವಾಟ ಕಚ್ಚಿಕೊಳ್ಳುವ ಕಡೆಗೆ. ಆ ಮೂರು ಬಾಟಲಿ ಅವಳ ಮನೆಯಲ್ಲೇ ಇದ್ದವು. ತೊರಿಕಾ ಒಳಗೆ ಹೋಗಿ ಹೇಳಿದಳು, "ನಿಮ್ಮ ತಮ್ಮನೇ ಎಲ್ಲಾ ಹೇಳಿದ್ದಾರೆ, ಇನ್ನು ಕುಡೀಬೇಡಿ" ಎಂದು. ಅಕ್ಕ ಆಗಲಿ ಎಂದಳು. ನರ್ಸು ಆಚೆ ದಡದ ಊರುಗಳ ಸುತ್ತಿಗೆ ಹೊರಟಳು, ಇನ್ನು ಬರುವುದು ಗುರುವಾರ ಹದಿನೆಂಟಕ್ಕೆ, ಆ ದಿನವೇ ರಕ್ತ ತೆಗೆಯುತ್ತಾಳೆ. ನಾನೂ ಸುಮ್ಮನಿರಲಿಲ್ಲ. ಉನೈಸಿಯ ಕೈಯಲ್ಲಿ ಹೇಳಿಕಳಿಸಿದೆ: ಆ ರಸ ಕುಡಿಯಲು ಯೋಗ್ಯವಲ್ಲ, ಚೆಲ್ಲಿಬಿಡಬೇಕಂತೆ.

ಬುಧವಾರ ಒಂದು ಬಾಟಲಿ ವಾಪಸು ಬಂತು. ತೊಳೆದು, ಒರೆಸಿ, ಜೊತೆಗೆ ಎಲೆಕಟ್ಟು ಸಿಹಿ. ಚೆಲ್ಲಿರಬಹುದೇ ಎಂದು ಉನೈಸಿಯನ್ನು ಕೇಳಿದೆ. "ಚೆಲ್ಲೋದಾ? ನನ್ನೆದುರಿಗೇ ಲೋಟಕ್ಕೆ ಬಗ್ಗಿಸ್ಕೊಂಡ್ರು" ಎಂದಳು. ಬೇಡ ಅಂದೆಯಾ ಎಂದೆ. "ಅಂದೆ. ಅದಕ್ಕೆ ಅತ್ತಿಗೆ ನಕ್ಬಿಟ್ರು. ‘ನನ್ನ ತಮ್ಮ ಯಾವ ಸಲ ಯೋಗ್ಯ ಅಂತ ಹೇಳಿ ಕಳಿಸಿದ್ದಾನೆ ಉನೈಸಿ? ಪಾಪ, ನನ್ನ ಮೂಗು ಸೋರಿದ್ದಕ್ಕೆ ಅವನು ನರ್ಸಿನ ಮುಂದೆ ತಪ್ಪು ತನ್ನ ಮೇಲೆ ಹಾಕ್ಕೊಂಡ. ಊರೆಲ್ಲ ಅವನ ರಸ ಕೆಟ್ಟದ್ದು ಅಂತ ಆಡ್ಕೊಳ್ತಿದೆ. ನಾನೂ ಚೆಲ್ಲಿದ್ರೆ ಅವನಿಗೆ ಯಾರಿದ್ದಾರೆ?’ ಅಂದ್ರು." ಅರ್ಥವಾಯಿತೇನೋ? ಏಳು ತಿಂಗಳು ಮರ್ಯಾದೆಗೆ ಹೇಳಿದ ಮಾತನ್ನೇ ಈಗ ನಿಜಕ್ಕೆ ಹೇಳುತ್ತಿದ್ದೇನೆ. ಅವಳು ಅದನ್ನೂ ಮರ್ಯಾದೆಯೆಂದೇ ತಿಳಿದು, ನನ್ನ ಮಾನ ಉಳಿಸಲು ಕುಡಿಯುತ್ತಿದ್ದಾಳೆ. ಉನೈಸಿಯನ್ನು ಎರಡು ಸಲ ಮತ್ತೆ ಓಡಿಸಿದೆ. ಎರಡು ಸಲವೂ ನಗುವೇ ವಾಪಸು ಬಂತು. "ನಿಮ್ಮ ಬಾಯಿಂದ ಬಂದ್ರೆ ಒಂದು ತೂಕ, ನನ್ನ ಬಾಯಿಂದ ಬಂದ್ರೆ ಬರೀ ಸಂಪ್ರದಾಯ. ಇನ್ನು ನನ್ನನ್ನ ಕಳಿಸ್ಬೇಡಿ" ಎಂದು ಅವಳು ಕೂತುಬಿಟ್ಟಿದ್ದಾಳೆ. ನಿನ್ನ ಅಮ್ಮನ ಮನೆಯಲ್ಲಿ ಇನ್ನೂ ಎರಡು ಬಾಟಲಿ ಇವೆ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನೀನು ಅವಳಿಗೆ ಒಂದು ಕಾಗದ ಬರೆ. ಮಗನ ಮಾತಿನಲ್ಲಿ ಮರ್ಯಾದೆಯ ಬೆಣ್ಣೆ ಇರುವುದಿಲ್ಲ, ಅವಳು ನಂಬುತ್ತಾಳೆ. ಅಮ್ಮಾ, ಮಾವನ ರಸ ಮುಟ್ಟಬೇಡ, ನಾನು ಬರುವವರೆಗೆ ನೀನು ಬದುಕಿರಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆ. ನಿನ್ನ ಕಾಗದ ಇಲ್ಲಿಗೆ ಬರಲು ಮೂರು ವಾರ ಬೇಕು ಎಂಬುದು ನನಗೆ ಗೊತ್ತಿದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ, ಬೇರೆ ದಾರಿ ಕಾಣದೆ. ಈ ಹಾಳೆಯ ಮೇಲೆ ಇಷ್ಟು ಹೊತ್ತು ಕೂತು ನೋಡುತ್ತಿದ್ದೇನೆ: ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಎರಡು ತೆಂಗಿನಮರ, ಒಂದು ಬಟ್ಟೆ ಒಣಹಾಕುವ ಹಗ್ಗ. ಅಷ್ಟು ದೂರಕ್ಕೆ ಒಂದು ಮಾತು ಮುಟ್ಟಿಸಲು ಸಿನಾಯ್ ಸುತ್ತಿ ಬರಬೇಕಾಗಿದೆ. ಹಿರಿಯರು ಈ ಪದ್ಧತಿ ಮಾಡಿದ್ದು ಅಕ್ಕನ ಮೇಲಿನ ಗೌರವಕ್ಕೆ. ಆ ಗೌರವದಲ್ಲಿ ಸುಳ್ಳಿಲ್ಲ ಕಣೋ. ನಾನು ಈ ಊರಿನಲ್ಲಿ ಎಲ್ಲರ ಮುಂದೂ ಜಂಭ ಕೊಚ್ಚಿದ್ದೇನೆ, ಅವಳೊಬ್ಬಳ ಮುಂದೆ ತಲೆತಗ್ಗಿಸಿ ನಡೆದಿದ್ದೇನೆ. ಆದರೆ ಹಿರಿಯರ ಕಾಲದಲ್ಲಿ ಎದೆಯೊಳಗೆ ಉಕ್ಕು ಇಡುತ್ತಿರಲಿಲ್ಲ.

ಮೈ ನೋಡಿಕೋ. ಬಿಸಿಲಿಗೆ ಹೋಗುವಾಗ ನೀರು ಕುಡಿ. ಗೆಳೆಯರ ಜೊತೆ ಯಂಗೋನಾ ಬಟ್ಟಲ ಸುತ್ತ ಕೂತಾಗ ನನ್ನ ಹೆಸರಿನಲ್ಲಿ ಒಂದು ಕರಟ ಹೆಚ್ಚಿಗೆ ಎತ್ತು. ದೇವರ ಕೈ ನಿನ್ನ ತಲೆಯ ಮೇಲಿರಲಿ, ಅದು ದಣಿದಾಗ ನನ್ನ ಕೈ ಇರಲಿ. ಉನೈಸಿ ಅತ್ತೆ ಮುತ್ತು ಕಳಿಸಿದ್ದಾಳೆ, ಎಷ್ಟು ಎಂದು ಬರೆಯಲು ಜಾಗವಿಲ್ಲ.

ನಿನ್ನ ಮಾವ,
ನೆಮಾನಿ
(ಸುವಾ ಸ್ಪರ್ಧೆಯ ಎರಡನೇ ಬಹುಮಾನ)

ಮಂಗಳವಾರ, ಅವಸರದಲ್ಲಿ: ಗಾಳಿ ಜೋರಿದ್ದು ಎರಡು ದಿನ ದೋಣಿ ಹೋಗಲಿಲ್ಲ, ಕಾಗದ ಇಲ್ಲೇ ಉಳಿಯಿತು. ಈಗ ದೋಣಿಯವನು ಎಂಜಿನ್ ಹಚ್ಚಿ ಕೂಗುತ್ತಿದ್ದಾನೆ. ನಿನ್ನೆ ಎರಡನೇ ಬಾಟಲಿ ತೊಳೆದು ಬಂತು. ಇವತ್ತು ಬೆಳಿಗ್ಗೆ ನಾನು ಎದ್ದು ಸೀದಾ ಹೋದೆ, ನಿನ್ನ ಮನೆಯ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಸಮುದ್ರದ ಕಡೆ ಮುಖ ಮಾಡಿ ನಿಂತೆ. ಒಳಗೆ ಅವಳು ಪಾತ್ರೆ ಉಜ್ಜುತ್ತಿದ್ದಳು. "ಅಕ್ಕಾ, ನಾನು ನೆಮಾನಿ. ಆ ರಸ ಕುಡೀಬೇಡ. ಮರ್ಯಾದೆಗೆ ಹೇಳ್ತಿಲ್ಲ. ಕುಡಿದ್ರೆ ಸತ್ತೋಗ್ತೀಯ" ಎಂದೆ. ನನ್ನ ಆ ದಪ್ಪ ದನಿ ಎಲ್ಲಿ ಹೋಗಿತ್ತೋ, ಕೋಳಿಮರಿಯ ಹಾಗೆ ಬಂತು. ಪಾತ್ರೆಯ ಸದ್ದು ನಿಂತಿತು. ಆಮೇಲೆ ಕಿಟಕಿಯಿಂದ ಹಸಿರು ರಸ ಬಾಳೆ ಬುಡಕ್ಕೆ ಬಿತ್ತು, ಕೊನೆಯ ಬಾಟಲಿ, ಕೊನೆಯ ಹನಿಯವರೆಗೂ. ಹಿಂದೆಯೇ ಅವಳ ದನಿ. ನಲವತ್ತೊಂದು ವರ್ಷದ ಮೇಲೆ ನನ್ನ ಅಕ್ಕ ನನಗೆ ಆಡಿದ ಮೊದಲ ಮಾತು, ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: "ಸದ್ಯ, ಬಿಡುಗಡೆ ಆಯ್ತು. ಹಂದಿ ಮುಸುರೆ ಥರ ಇತ್ತು ಕಣೋ ಅದು, ಮೊದಲನೇ ದಿನದಿಂದ್ಲೂ." ಎರಡು ಬಾಟಲಿ ಒಳಗೆ ಹೋಗಿದ್ದಾವಲ್ಲ, ಆ ಹೆದರಿಕೆ ಇದ್ದೇ ಇದೆ, ಗುರುವಾರದವರೆಗೆ ಕಾಯುವುದಿಲ್ಲ, ಈ ದೋಣಿಯಲ್ಲೇ ನಾನೂ ಹೋಗಿ ತೊರಿಕಾಳನ್ನು ಕರೆತರುತ್ತೇನೆ. ನೀನು ಕಾಗದ ಬರೆಯದಿದ್ದರೂ ನಡೆಯುತ್ತದೆ. ನಾವಿಬ್ಬರೂ ಮಾತಾಡಿದೆವು ಎಂದು ಬೇಕಾದರೆ ಇಡೀ ಸೈನ್ಯಕ್ಕೆ ಹೇಳು. ರುಚಿಯ ಮಾತು ಮಾತ್ರ ಯಾರಿಗೂ ಹೇಳಬೇಡ.